ಪುಟದ ತಲೆಯ ಮೇಲಿನ ಹೆಸರು

ಮೊದಲೇ ಹೇಳಿಬಿಡ್ತೀನಿ, ನಾನು ಮಕ್ಕಳ ಪುಸ್ತಕ ಬರೆಯೋಕೆ ಶುರು ಮಾಡಿದ್ದು ಪ್ರೀತಿಯಿಂದಲ್ಲ, ಸಿಟ್ಟಿನಿಂದ. ಈಗ ಶಾಲೆಗಳಿಗೆ ಕರೀತಾರೆ, ಮಕ್ಕಳ ಮುಂದೆ ಕೂರಿಸ್ತಾರೆ, ಯಾರಾದ್ರೂ ಒಬ್ಬ ಮಿಸ್ಸು ಮೈಕ್ ಹಿಡಿದು "ಮೇಡಮ್, ನಿಮಗೆ ಸ್ಫೂರ್ತಿ ಯಾರು?" ಅಂತ ಕೇಳ್ತಾರೆ. ನಾನು ನಮ್ಮಜ್ಜಿ ಅಂದು ತಪ್ಪಿಸ್ಕೋತೀನಿ. ನಮ್ಮಜ್ಜಿ ಪಾಪ, ಮಲ್ಲತ್ತಹಳ್ಳಿ ಕೆರೆ ಹಿಂದೆ ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ಹೊತ್ತು ಹಾಕಿದವಳು. ನಂಗೆ ಒಂದೇ ಒಂದು ಕಥೆ ಹೇಳಿದವಳಲ್ಲ. ಕಥೆ ಹೇಳಜ್ಜಿ ಅಂದ್ರೆ "ಸುಮ್ನೆ ಮಲಗೇ, ಬೆಳಿಗ್ಗೆ ಕೆಲಸ ಅದೆ" ಅಂತಿದ್ಲು. ನಿಜವಾದ ಉತ್ತರ ಮೈಕಲ್ಲಿ ಹೇಳೋ ಅಂಥದ್ದಲ್ಲ. ಇಲ್ಲಿ ಹೇಳ್ತೀನಿ.

ವಿಜಯನಗರದ ಮಾರ್ಕೆಟ್ ಹಿಂದಿನ ರಸ್ತೇಲಿ ನನ್ನದೊಂದು ಡಿಟಿಪಿ ಅಂಗಡಿ. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಮೂಲೇಲಿ ಒಂದು ಜೆರಾಕ್ಸ್ ಮಿಷನ್ನು. ನಾನು ಕೂತ ಕುರ್ಚಿ ಹಿಂದಕ್ಕೆ ಎಳೆದ್ರೆ ಗೋಡೆಗೆ ತಗಲುತ್ತೆ, ಅಷ್ಟೇ ಜಾಗ. ಬಾಡಿಗೆ ಕರಾರು, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಎಲ್ಲಾ ಇದೇ ಕೈ. ನಾಗರಬಾವಿ ರೂಮುಗಳಿಂದ ಹುಡುಗರು ಥೀಸಿಸ್ ಹಿಡ್ಕೊಂಡು ಬರ್ತಾರೆ. ಅದರಲ್ಲೂ ಬಿಜಾಪುರ, ಕಲಬುರ್ಗಿ ಕಡೆಯೋರು "ಅಕ್ಕಾರ, ನಾಳೆ ಮುಂಜಾನೆಗೆ ಬೇಕ್ರಿ" ಅಂತ ಮುಖ ಸಣ್ಣಗೆ ಮಾಡ್ಕೊಂಡು ನಿಂತ್ರೆ ಇಲ್ಲ ಅನ್ನೋಕೆ ಬಾಯಿ ಬರಲ್ಲ.

ಆಪರೇಟರಿಗೆ ಇರೋದು ಒಂದೇ ಧರ್ಮ. ಕೈಬರಹದಲ್ಲಿ ಏನಿದೆಯೋ ಅದೇ ಪರದೆ ಮೇಲೆ ಬರಬೇಕು. ನಿನ್ನ ಅಭಿಪ್ರಾಯ ಯಾರೂ ಕೇಳಿಲ್ಲ. ಮದುಮಗಳ ಡಿಗ್ರಿ ಸುಳ್ಳು ಅಂತ ಗೊತ್ತಿದ್ರೂ ಹಾಕು, ಸತ್ತೋರನ್ನ ಸಜ್ಜನ ಅಂತ ಬರೆದಿದ್ರೆ ಸಜ್ಜನ ಅಂತಲೇ ಹಾಕು. ಅಷ್ಟು ವರ್ಷ ಊರವರ ಹೆಸರೆಲ್ಲ ಟೈಪ್ ಮಾಡಿದೀನಿ, ನನ್ನ ಹೆಸರು ಟೈಪ್ ಮಾಡಿದ್ದು ಅಂಗಡಿಗೆ ಕರೆಂಟ್ ಮೀಟರ್ ಅರ್ಜಿ ಹಾಕಿದಾಗ ಒಂದು ಸಲ.

ನನ್ನ ಗಿರಾಕಿಗಳಲ್ಲಿ ಒಬ್ಬರು ಮೇಷ್ಟ್ರು. ಬಸವೇಶ್ವರನಗರದವರು, ಹೆಡ್‌ಮಾಸ್ಟರಾಗಿ ರಿಟೈರ್ ಆದೋರು, ಮಕ್ಕಳ ಪುಸ್ತಕ ಬರೆಯೋರು. ವಾರಕ್ಕೊಂದು ಸಲ ಬಟ್ಟೆ ಚೀಲ ಹಿಡ್ಕೊಂಡು ನಡ್ಕೊಂಡೇ ಬರೋರು. ಹಳೇ ಪರೀಕ್ಷೆ ಪೇಪರುಗಳ ಹಿಂಭಾಗದಲ್ಲಿ ಮುತ್ತಿನಂಥ ಅಕ್ಷರ. ಅವರ ಕಥೆಗಳಲ್ಲಿ ಮೊಲ ಸುಳ್ಳು ಹೇಳಿ ಬುದ್ಧಿ ಕಲೀತಿತ್ತು, ನರಿ ಆಸೆಬಿದ್ದು ಬುದ್ಧಿ ಕಲೀತಿತ್ತು, ಕಾಗೆ ಜಂಬ ಮಾಡಿ ಬುದ್ಧಿ ಕಲೀತಿತ್ತು. ಇಡೀ ಕಾಡಿಗೆ ಕಾಡೇ ಬುದ್ಧಿ ಕಲ್ತು ಸುಸ್ತಾಗಿತ್ತು. ಆದ್ರೆ ಮನುಷ್ಯ ಒಳ್ಳೆಯೋರು. ಸುಳ್ಳು ಯಾಕೆ ಹೇಳಲಿ? ಬಂದಾಗಲೆಲ್ಲ ನನ್ನ ಮಗಳಿಗೆ ಕಡ್ಲೆಮಿಠಾಯಿ ತರೋರು. ನಮ್ಮಪ್ಪ ತೀರಿಕೊಂಡ ವರ್ಷ "ಅತ್ತುಬಿಡಮ್ಮ, ಅಂಗಡಿ ಬಾಗಿಲು ನಾನು ಹಾಕ್ತೀನಿ" ಅಂತ ಹೊರಗೆ ಸ್ಟೂಲ್ ಹಾಕ್ಕೊಂಡು ಕೂತಿದ್ದೋರು ಅವರೊಬ್ಬರೇ. ನಾನು ಅವರನ್ನ ಅಪ್ಪನ ಜಾಗದಲ್ಲೇ ಇಟ್ಟಿದ್ದೆ.

ಇನ್ನು ನನ್ನ ಮಗಳು. ಆಗ ಅವಳಿಗೆ ಆರು ವರ್ಷ. ಮನೇಲಿ ಅವಳ ಬಾಯಿ ನಿಲ್ಲಿಸೋಕೆ ದೇವರಿಂದಲೂ ಆಗ್ತಿರಲಿಲ್ಲ. ಜಿರಲೆಗೆ ಯಾಕೆ ಮೀಸೆ, ಅಪ್ಪನಿಗೆ ಯಾಕೆ ಇಲ್ಲ, ಇಂಥದ್ದೇ ಇಡೀ ದಿನ. ಆದ್ರೆ ಶಾಲೆ ಗೇಟು ದಾಟಿದಳೋ, ಒಂದು ಮಾತಿಲ್ಲ. ಹೂಂ ಇಲ್ಲ, ಉಹೂಂ ಇಲ್ಲ. ಬಾತ್‌ರೂಮಿಗೆ ಹೋಗಬೇಕಾದ್ರೂ ಕೇಳಲ್ಲ, ಒದ್ದೆ ಮಾಡ್ಕೊಂಡು ಕೂತಿರ್ತಿದ್ಲು. ಡಾಕ್ಟ್ರು ಅದಕ್ಕೊಂದು ಉದ್ದ ಇಂಗ್ಲಿಷ್ ಹೆಸರು ಹೇಳಿ, "ಹೆದರಬೇಡಿ, ಬರುತ್ತೆ. ಮಾತಾಡು ಮಾತಾಡು ಅಂತ ಬಲವಂತ ಮಾತ್ರ ಮಾಡಬೇಡಿ" ಅಂದ್ರು. ಮೊದಲ ಶಾಲೆಯೋರು ಒಂದು ವರ್ಷ ನೋಡಿ, ನಿಮ್ಮ ಮಗೂನ ಬೇರೆ ಥರದ ಸ್ಕೂಲಿಗೆ ಸೇರಿಸಿ ಅಂದುಬಿಟ್ರು. ಆಗ ಮೇಷ್ಟ್ರೇ ರಾಜಾಜಿನಗರದ ಒಂದು ಶಾಲೆಗೆ ಕರ್ಕೊಂಡು ಹೋದ್ರು. ಅಲ್ಲಿಯ ಹೆಡ್ ಮಿಸ್ಸು ಅವರ ಶಿಷ್ಯೆ. "ನನ್ನ ಮಾತಿಗೆ ಇಟ್ಕೊಳಮ್ಮ" ಅಂದ್ರು. ಇಟ್ಕೊಂಡ್ರು. ಆವತ್ತು ಅವರ ಕಾಲಿಗೆ ಬಿದ್ದಿದ್ದೆ ನಾನು, ಅದೂ ಆ ಶಾಲೆ ವರಾಂಡದಲ್ಲಿ, ಎಲ್ಲರ ಎದುರಿಗೆ.

ಶಾಲೆಗೆ ಹೋಗೋ ದಾರೀಲಿ, ಸ್ಕೂಟರ್ ಮೇಲೆ ಕೂತು ನಮಗೆ ಮೆಟ್ರೋ ಕಾಣ್ತಿತ್ತು. ಅವಳಿಗೆ ಮೆಟ್ರೋ ಅಂದ್ರೆ ಪ್ರಾಣ. ಭಾನುವಾರ ಟಿಕೆಟ್ ತಗೊಂಡು ವಿಜಯನಗರದಿಂದ ಕೆಂಗೇರಿಗೆ ಹೋಗಿ, ಇಳಿಯದೇ ಇರೋ ಹಾಗಿದ್ರೆ ಚೆನ್ನಾಗಿತ್ತು ಅಂತ ಗೊಣಗಿ, ಇಳಿದು, ಮತ್ತೆ ಹತ್ತಿ ವಾಪಸ್ ಬರ್ತಿದ್ವಿ. ಒಂದು ದಿನ ಶಾಲೆ ಹತ್ತಿರ ಬರ್ತಾ ಬರ್ತಾ ನನ್ನ ಬೆನ್ನಿಗೆ ಮುಖ ಒತ್ಕೊಂಡು ಅಳೋಕೆ ಶುರು ಮಾಡಿದಳು. ಬಾಯಿಗೆ ಬಂದಿದ್ದು ಹೇಳಿದೆ. "ಒಂದು ರೈಲಿತ್ತು ಕಣೇ. ಅದು ಮಾತೇ ಆಡ್ತಿರಲಿಲ್ಲ."

ಅಳು ನಿಂತಿತು. "ಆಮೇಲೆ?"

ಆಮೇಲೆ ಏನು ಅಂತ ನಂಗೂ ಗೊತ್ತಿರಲಿಲ್ಲ. ತಿಂಗಳಾನುಗಟ್ಟಲೆ ಸ್ಕೂಟರ್ ಮೇಲೆ ಕಟ್ಟಿದ ಕಥೆ ಅದು. ಎಲ್ಲಾ ರೈಲುಗಳೂ ಮುಂದಿನ ನಿಲ್ದಾಣ ಯಾವುದು ಅಂತ ಹೇಳ್ತವೆ, ಈ ರೈಲು ಮಾತ್ರ ಹೇಳಲ್ಲ. ಜನ ಬೈತಾರೆ. ಇಂಜಿನಿಯರು ಬಂದು ಸ್ಪೀಕರ್ ಬಿಚ್ಚಿ ನೋಡ್ತಾರೆ, ಎಲ್ಲಾ ಸರಿ ಇದೆ. ದೊಡ್ಡ ಸಾಹೇಬರು ಬಂದು ಗದರಿಸ್ತಾರೆ. ರೈಲು ಸುಮ್ಮನೆ. ಕೊನೆಗೆ ಜನ ಏನು ಮಾಡ್ತಾರೆ? ಕಿಟಕಿಯಿಂದ ಹೊರಗೆ ನೋಡೋಕೆ ಶುರು ಮಾಡ್ತಾರೆ. ಹೊಸಹಳ್ಳಿ ಬಂತು ಅಂತ ಅಲ್ಲಿಯ ಮರ ನೋಡಿ ಗೊತ್ತಾಗುತ್ತೆ, ಅತ್ತಿಗುಪ್ಪೆ ಬಂತು ಅಂತ ಯಾರದೋ ಮಹಡಿ ಮೇಲಿನ ನೀಲಿ ಟ್ಯಾಂಕ್ ನೋಡಿ ಗೊತ್ತಾಗುತ್ತೆ. ಸರಿಯಾಗಿ ಗುರುತು ಹಿಡಿದಾಗ ರೈಲು ಮೆತ್ತಗೆ "ಹ್ಞೂಂ" ಅನ್ನುತ್ತೆ. ಅಷ್ಟೇ. ಕಥೆ ಮುಗೀತು. ಕೊನೇವರೆಗೂ ರೈಲು ಮಾತಾಡಲ್ಲ. ಯಾರೂ ಅದನ್ನ ಮಾತಾಡು ಅನ್ನಲ್ಲ. ಜನಕ್ಕೆ ಆ ರೈಲೇ ಬೇಕು ಅಂತ ಕಾದು ನಿಲ್ತಾರೆ.

ಈ ಕೊನೆಯನ್ನ ಮಗಳು ಒಂದಕ್ಷರ ಬದಲಾಯಿಸೋಕೆ ಬಿಡ್ತಿರಲಿಲ್ಲ. ಒಂದು ಸಲ ನಾನು ತಮಾಷೆಗೆ "ಆಮೇಲೆ ರೈಲು ಒಂದೇ ಒಂದು ಮಾತು..." ಅಂದಿದ್ದಕ್ಕೆ ಬೆನ್ನಿಗೆ ಗುದ್ದಿದಳು. ಗೇಟಲ್ಲಿ ಇಳಿಸುವಾಗ ನಾನು "ಹ್ಞೂಂ?" ಅನ್ನಬೇಕು, ಅವಳು "ಹ್ಞೂಂ" ಅನ್ನಬೇಕು, ಆಮೇಲೆ ಒಳಗೆ ಹೋಗಬೇಕು. ಶಾಲೆ ಒಳಗೆ ಆ ಒಂದು ಹ್ಞೂಂ ಜೇಬಲ್ಲಿಟ್ಕೊಂಡು ಹೋಗ್ತಿದ್ಲು ನನ್ನ ಮಗಳು.

ಒಂದು ಮಧ್ಯಾಹ್ನ ಗಿರಾಕಿ ಇರಲಿಲ್ಲ. ಕಥೆ ಟೈಪ್ ಮಾಡಿದೆ. ಮೇಷ್ಟ್ರಿಗೆ ತೋರಿಸೋಣ ಅಂತ ಆಸೆ. ಇಲ್ಲೇ ನಾನು ಮಾಡಿದ ತಪ್ಪು, ಇದನ್ನ ನನ್ನಂಥ ಆಪರೇಟರ್ ಬಿಟ್ಟು ಬೇರೆ ಯಾರೂ ಮಾಡೋಕೆ ಸಾಧ್ಯ ಇಲ್ಲ. ಹೊಸ ಪುಟ ಅಳತೆ ಮಾಡಿ ಯಾರು ಕೂರ್ತಾರೆ ಅಂತ, ಮೇಷ್ಟ್ರ ಹಳೇ ಪುಸ್ತಕದ ಫೈಲೇ ತೆಗೆದು, ಅವರ ಕಥೆ ಅಳಿಸಿ, ಅದೇ ಅಚ್ಚಿನಲ್ಲಿ ನನ್ನ ಕಥೆ ಸುರಿದೆ. ಅವರಿಗೆ ಓದೋಕೆ ಹಿತವಾದ ದಪ್ಪ ಅಕ್ಷರ, ಅವರಿಗೆ ಇಷ್ಟವಾದ ಅಂಚು, ಎಲ್ಲಾ ರೆಡಿ ಇತ್ತು. ಪುಸ್ತಕಗಳಲ್ಲಿ ನೋಡಿರ್ತೀರಿ, ಎಡಗಡೆ ಪುಟದ ತಲೆ ಮೇಲೆ ಸಣ್ಣಕ್ಕೆ ಬರೆದವರ ಹೆಸರಿರುತ್ತೆ, ಬಲಗಡೆ ಪುಸ್ತಕದ ಹೆಸರು. ಅದನ್ನ ಒಂದು ಕಡೆ ಹಾಕಿದ್ರೆ ಸಾಕು, ತಾನಾಗೇ ಎಲ್ಲಾ ಪುಟಕ್ಕೂ ಬರುತ್ತೆ. ನನ್ನ ಕಥೆಯ ಎಡಗಡೆ ಪುಟಗಳ ಮೇಲೆಲ್ಲ ಮೇಷ್ಟ್ರ ಹೆಸರು ಹಾಗೇ ಕೂತಿತ್ತು.

ನೋಡಲಿಲ್ವಾ ಅಂತ ಕೇಳಬೇಡಿ. ನೋಡಿದೆ. ತೆಗೀಬೇಕು ಅಂತಲೂ ಅನ್ನಿಸ್ತು. ಆ ಜಾಗದಲ್ಲಿ ನನ್ನ ಹೆಸರು ಹಾಕಿ ಒಂದು ಸಲ ನೋಡಿದೆ ಕೂಡ. ನಾಚಿಕೆ ಆಗಿಹೋಯ್ತು. ಯಾರದೋ ಮದುವೆ ಮಂಟಪದಲ್ಲಿ ಮದುಮಗಳ ಕುರ್ಚಿ ಮೇಲೆ ಕೂತ ಹಾಗೆ ಅನ್ನಿಸ್ತು. ಅಳಿಸಿ ಮತ್ತೆ ಅವರ ಹೆಸರೇ ಬಿಟ್ಟೆ. ಓದೋಕೆ ಕೊಡೋದು ತಾನೆ, ಇರಲಿ ಅಂದ್ಕೊಂಡೆ. ಇನ್ನೂ ಒಂದು ನಿಜ ಹೇಳ್ತೀನಿ, ಅವರ ಹೆಸರಿನ ಕೆಳಗೆ ನನ್ನ ಕಥೆ ನಿಜವಾದ ಪುಸ್ತಕದ ಥರ ಕಾಣ್ತಿತ್ತು, ಖುಷಿ ಆಯ್ತು.

ಮೇಷ್ಟ್ರು ಬಂದಾಗ ಕೊಟ್ಟೆ. "ಸಾರ್, ನನ್ನ ಮಗಳಿಗೆ ಅಂತ ಹೇಳಿದ ಕಥೆ. ಹೇಗಿದೆ ನೋಡಿ ಹೇಳಿ." ಕನ್ನಡಕ ಮೇಲೆತ್ತಿ, ಮೊದಲ ಪುಟ ಓದಿ, "ಭೇಷ್" ಅಂದ್ರು. ಚೀಲದೊಳಗೆ ಇಟ್ಕೊಂಡ್ರು. ಆ ಒಂದು ಭೇಷ್ ಹಿಡ್ಕೊಂಡು ನಾನು ಎರಡು ತಿಂಗಳು ನೆಲದ ಮೇಲೆ ಕಾಲಿಡಲಿಲ್ಲ. ಗಂಡನ ಹತ್ರ ಹೇಳಿದ್ದೇ ಹೇಳಿದ್ದು. ಅವರು ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತ್ರೆ, "ಆಯ್ತು ಕಣೇ ಲೇಖಕಿ, ಸಾರು ಹಾಕು" ಅಂತಿದ್ರು.

ಎರಡು ತಿಂಗಳ ಮೇಲೆ ಮೇಷ್ಟ್ರು ಹೊಸ ಪುಸ್ತಕದ ಕಟ್ಟು ತಂದು ಮೇಜಿನ ಮೇಲಿಟ್ಟು, ಅವಸರ ಇದೆ ಅಂತ ಹೊರಟುಹೋದ್ರು. ಏಳು ಕಥೆ. ಆರು ಅವರ ಕೈಬರಹ. ಏಳನೇದು ಪ್ರಿಂಟು. ನನ್ನದೇ ಪ್ರಿಂಟು. ಅದರ ಮೇಲೆ ಕೆಂಪು ಇಂಕಿನಲ್ಲಿ ತಿದ್ದುಪಡಿ. ಮೇಲೊಂದು ಚೀಟಿ ಪಿನ್ ಮಾಡಿತ್ತು: "ಇದಕ್ಕೆ ಕರೆಕ್ಷನ್ ಹಾಕಿದರೆ ಸಾಕು. ಹೊಸದಾಗಿ ಟೈಪ್ ಮಾಡುವ ಶ್ರಮ ಬೇಡ."

ಶ್ರಮ ಬೇಡವಂತೆ!

ಮೊದಲು ನಂಗೆ ಅರ್ಥವೇ ಆಗಲಿಲ್ಲ. ತಪ್ಪಿ ಸೇರಿಬಿಟ್ಟಿದೆ ಅಂದ್ಕೊಂಡೆ. ಪುಟ ತಿರುಗಿಸ್ತಾ ಹೋದೆ. ಕೊನೇ ಪುಟದಲ್ಲಿ ನನ್ನ ಕೊನೆಯನ್ನ ಅಡ್ಡಗೆರೆ ಎಳೆದು ಹೊಡೆದುಹಾಕಿದ್ರು. ಅದರ ಪಕ್ಕದಲ್ಲಿ ಆ ಮುತ್ತಿನಂಥ ಅಕ್ಷರದಲ್ಲಿ ಹೊಸ ಕೊನೆ. ರೈಲಿಗೆ ತನ್ನ ತಪ್ಪಿನ ಅರಿವಾಗುತ್ತೆ. ಗಟ್ಟಿ ದನಿಯಲ್ಲಿ ನಿಲ್ದಾಣದ ಹೆಸರು ಕೂಗುತ್ತೆ. ಸಾಹೇಬರು ಹಾರ ಹಾಕ್ತಾರೆ. ಮಕ್ಕಳೇ, ನೀವೂ ನಾಚಿಕೆ ಬಿಟ್ಟು ಮಾತಾಡಿ, ಮಾತು ಬಾರದವರನ್ನು ಲೋಕ ಮೆಚ್ಚದು.

ಮೈಯೆಲ್ಲ ಉರಿದುಹೋಯ್ತು. ಕಥೆ ಕದ್ದಿದ್ದಕ್ಕಿಂತ ಆ ಕಡೇ ಸಾಲಿಗೆ ಉರೀತು. ಈ ಮನುಷ್ಯರಿಗೆ ನನ್ನ ಮಗಳು ಗೊತ್ತಿಲ್ವಾ? ಅವಳ ಕೈಗೆ ಕಡ್ಲೆಮಿಠಾಯಿ ಇಟ್ಟೋರಲ್ವಾ? ಯಾರ ಸಲುವಾಗಿ ಶಾಲೇಲಿ ಮಾತಾಡಿ ಸೀಟು ಕೊಡಿಸಿದ್ರೋ, ಅದೇ ಮಗುವಿನ ಮುಖಕ್ಕೆ ಉಗಿದ ಹಾಗೆ ಬರೆದಿದ್ರಲ್ಲ! ಅಂಗಡಿ ಬಾಗಿಲು ಅರ್ಧ ಎಳೆದು ಸ್ಕೂಟರ್ ಹತ್ತಿದೆ. ಬಸವೇಶ್ವರನಗರ ಮುಟ್ಟೋವರೆಗೂ ಬಾಯಿಗೆ ಬಂದ ಹಾಗೆ ಬೈಕೊಂಡು ಹೋದೆ. ಸಿಗ್ನಲ್ಲಲ್ಲಿ ಪಕ್ಕದ ಆಟೋದವರು "ಯಾಕ್ ಮೇಡಮ್, ನಾನೇನ್ ಮಾಡ್ದೆ?" ಅಂದ್ರು.

ಮೇಷ್ಟ್ರು ಮನೆ ಮುಂದೆ ತುಳಸಿಗೆ ನೀರು ಹಾಕ್ತಿದ್ರು. ಒಳಗೆ ಕೂರಿಸಿ ತಾವೇ ಮಜ್ಜಿಗೆ ತಂದುಕೊಟ್ರು. ದಾರಿಯುದ್ದಕ್ಕೂ ಅಷ್ಟು ಬೈದವಳ ಬಾಯಿಂದ ಬಂದಿದ್ದು ಇಷ್ಟೇ. "ಸಾರ್, ಆ ರೈಲಿನ ಕಥೆ..." ಅಂದೆ.

"ಹೌದಮ್ಮ, ಬಹಳ ಒಳ್ಳೆ ವಸ್ತು. ಕೊನೆ ಮಾತ್ರ ಬಿದ್ದುಹೋಗಿತ್ತು, ನೀತಿ ಇರಲಿಲ್ಲ. ಎತ್ತಿ ನಿಲ್ಲಿಸಿದೀನಿ."

"ಅದು ನನ್ನ ಕಥೆ ಸಾರ್."

ಅವರು ನಿಜವಾಗ್ಲೂ ಆಶ್ಚರ್ಯಪಟ್ರು. ನಾಟಕ ಅಲ್ಲ, ಅಷ್ಟು ವರ್ಷ ನೋಡಿದೀನಲ್ಲ. "ನೀವೇ ತಾನೆ ನನ್ನ ಹೆಸರು ಹಾಕಿ ತಂದುಕೊಟ್ಟಿದ್ದು? ಪುಟ ಪುಟಕ್ಕೂ ಇತ್ತು. ನಾನು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡೆ ಕಣಮ್ಮ. ಗುರುವಿಗೆ ಕಾಣಿಕೆ ಅಂತ ಕೊಟ್ಟಿದಾಳೆ ಮಗಳು, ಅಂದ್ಕೊಂಡೆ."

ಅದು ಹಳೇ ಫೈಲು ಸಾರ್, ಅಚ್ಚು ಬದಲಾಯಿಸೋಕೆ ಸೋಮಾರಿತನ ಸಾರ್, ಅಂದೆ. ತೊದಲಿದೆ. ಅವರು ನಕ್ಕು ಕೈ ಆಡಿಸಿಬಿಟ್ರು. "ಪ್ರಕಾಶಕರಿಗೆ ಕಥೆಗಳ ಪಟ್ಟಿ ಹೋಗಿದೆ. ಈಗ ತೆಗೆದ್ರೆ ಚೆನ್ನಾಗಿರಲ್ಲ. ಮುನ್ನುಡೀಲಿ ನಿಮ್ಮನ್ನ ನೆನೀತೀನಿ. ಅಲ್ಲಾಮ್ಮ, ನಿಮ್ಮ ಹೆಸರಲ್ಲಿ ಬಂದ್ರೆ ಯಾರು ಓದ್ತಾರೆ ಹೇಳಿ?" ಅಂದ್ರು. ಇಷ್ಟು ಹೇಳಿ, ಅದೇ ಉಸಿರಲ್ಲಿ, ಅದೇ ಪ್ರೀತಿಯ ದನೀಲಿ ಕೇಳಿದ್ರು: "ಮಗು ಹೇಗಿದಾಳೆ? ಸ್ಕೂಲಲ್ಲಿ ತೊಂದರೆ ಇಲ್ಲ ತಾನೆ? ಹೋದ ವಾರ ಹೆಡ್ ಮಿಸ್ಸು ಸಿಕ್ಕಿದ್ದಳು. ಇನ್ನೂ ಸ್ವಲ್ಪ ದಿನ ನೋಡಮ್ಮ ಅಂತ ನಾನೇ ಹೇಳಿದೀನಿ."

ಅದು ಅಕ್ಕರೆಯೋ ಬೆದರಿಕೆಯೋ, ಇವತ್ತಿಗೂ ನಂಗೆ ಗೊತ್ತಿಲ್ಲ. ಮಜ್ಜಿಗೆ ಲೋಟ ಕೆಳಗಿಟ್ಟು "ಬರ್ತೀನಿ ಸಾರ್" ಅಂದೆ. ಮಗಳ ಸೀಟು ನಿಂತಿರೋದು ಇವರ ಒಂದು ಮಾತಿನ ಮೇಲೆ. ಆ ಮಾತು ಜಾರಿದ್ರೆ ಮತ್ತೆ ಯಾವ ಶಾಲೆ ಬಾಗಿಲು ತಟ್ಟಲಿ?

ಅಂಗಡಿಗೆ ಬಂದು ಕರೆಕ್ಷನ್ ಹಾಕಿದೆ. ಹೌದು, ನಾನೇ ಹಾಕಿದೆ. ಹಾಕ್ತಾ ಇದ್ದಾಗ ಆದ ಒಂದು ಸಂಗತಿ ನೆನೆಸಿಕೊಂಡ್ರೆ ಇವತ್ತೂ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತೆ. ಮೇಷ್ಟ್ರ ಆ ಹೊಸ ಕೊನೇಲಿ ಒಂದು ವಾಕ್ಯ ಉದ್ದವಾಗಿ ಎಳೆದಾಡ್ತಿತ್ತು. ಓದೋ ಮಗುವಿಗೆ ಉಸಿರು ಸಾಲ್ತಿರಲಿಲ್ಲ. ಅದನ್ನ ಹಾಗೇ ಬಿಡೋಕೆ ನನ್ನ ಕೈ ಒಪ್ಪಲಿಲ್ಲ. ಮುರಿದು ಎರಡು ವಾಕ್ಯ ಮಾಡಿದೆ. "ಗಟ್ಟಿಯಾಗಿ ಕೂಗಿತು" ಅನ್ನೋದನ್ನ ಒಂದು ಸಾಲು ಕೆಳಕ್ಕೆ ಇಳಿಸಿ ಒಂಟಿಯಾಗಿ ನಿಲ್ಲಿಸಿದೆ, ಚೆನ್ನಾಗಿ ಕೇಳಿಸಲಿ ಅಂತ. ನನ್ನ ಮಗಳಿಗೆ ಹೊಡೆಯೋ ಕೋಲನ್ನ ನಾನೇ ನುಣ್ಣಗೆ ಕೆತ್ತಿಕೊಟ್ಟೆ. ಪದ್ಧತಿ ಪ್ರಕಾರ ಎರಡನೇ ಪುಟದ ಕೆಳಗೆ, ಅಕ್ಷರ ಜೋಡಣೆ ಅಂತ ಬರೆದು ನನ್ನ ಅಂಗಡಿ ಹೆಸರೂ ಹಾಕಿದೆ.

ಪುಸ್ತಕ ಬಂತು. ಮುನ್ನುಡೀಲಿ ನನ್ನ ಸುದ್ದಿ ಇರಲಿಲ್ಲ. ನಾನು ಹುಡುಕಿದ್ದು ಮೂರು ಸಲ. ಮಗಳಿಗೆ ಏನೂ ಹೇಳಲಿಲ್ಲ. ಸ್ಕೂಟರ್ ಮೇಲೆ ನಮ್ಮ ರೈಲು ಎಂದಿನ ಹಾಗೆ ಮಾತಾಡದೇ ಓಡ್ತಿತ್ತು. ಅವಳ ಶಾಲೆಗೂ ಆ ಪುಸ್ತಕ ಹೋಗುತ್ತೆ ಅಂತ ನನ್ನ ಮಂಡೆಗೆ ಹೊಳೀಲೇ ಇಲ್ಲ ನೋಡಿ. ಹೆಡ್ ಮಿಸ್ಸೇ ಅವರ ಶಿಷ್ಯೆ, ಹೋಗದೇ ಇರುತ್ತಾ?

ಒಂದು ದಿನ ಹನ್ನೊಂದು ಗಂಟೆಗೆ ಅವಳ ಕ್ಲಾಸ್ ಮಿಸ್ಸಿನ ಫೋನು. ಒಳ್ಳೆ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದ್ದಳು. ಫೋನಲ್ಲೇ ಅಳ್ತಿದ್ದಾಳೆ. "ಮೇಡಮ್, ಗಾಬರಿ ಆಗ್ಬೇಡಿ. ನಿಮ್ಮ ಮಗಳು ಮಾತಾಡಿದ್ಲು! ನಾನು ಕಥೆ ಓದ್ತಾ ಇದ್ದೆ, ರೈಲಿನ ಕಥೆ. ಲಾಸ್ಟ್ ಪೇಜ್ ಬಂದಾಗ ಎದ್ದು ನಿಂತು, ಇಡೀ ಕ್ಲಾಸಿಗೆ ಕೇಳೋ ಹಾಗೆ, 'ರೈಲು ಮಾತಾಡಲ್ಲ' ಅಂದ್ಲು. ಎರಡು ಸಲ ಅಂದ್ಲು ಮೇಡಮ್! ಸ್ಟೋರಿ ಅಷ್ಟು ಟಚ್ ಆಗಿದೆ ನೋಡಿ ಮಗೂಗೆ."

ಯಾವ ಮಾತಿಗೋಸ್ಕರ ಹರಕೆ ಕಟ್ಟಿದ್ದೆನೋ ಆ ಮಾತು ಬಂದಿತ್ತು. ನಾನು ಕುಣೀಬೇಕಿತ್ತು. ಜೆರಾಕ್ಸ್ ಮಿಷನ್ ಹಿಡ್ಕೊಂಡು ನಿಂತೆ.

ಸಂಜೆ ಗೇಟಿಂದ ಹೊರಗೆ ಬಂದಳು. ಕೈಯಲ್ಲಿ ಪುಸ್ತಕ. ಮಿಸ್ಸು ಬಹುಮಾನ ಅಂತ ಕೊಟ್ಟಿದ್ರಂತೆ. ನಾನು "ಹ್ಞೂಂ?" ಅಂದೆ. ಅವಳು ಸುಮ್ಮನೆ ಸ್ಕೂಟರ್ ಹತ್ತಿದಳು. ಮನೆಗೆ ಬಂದು ಶೂ ಬಿಚ್ಚದೇ ನೆಲದ ಮೇಲೆ ಕೂತು ಎರಡನೇ ಪುಟ ತೆಗೆದಳು. ಆಗ ತಾನೇ ಕೂಡಿಸಿ ಓದೋಕೆ ಕಲ್ತಿದ್ದಳು. ನಮ್ಮ ಅಂಗಡಿ ಬೋರ್ಡು ದಿನಾ ನೋಡೋಳಲ್ವಾ, ಆ ಹೆಸರ ಮೇಲೆ ಬೆರಳಿಟ್ಟಳು.

"ಇದು ನಮ್ಮಂಗ್ಡಿ."

"ಹೌದು ಕಂದಾ."

"ನೀನೇ ಟೈಪ್ ಮಾಡ್ದಾ?"

"ಹೂಂ."

"ರೈಲು ಗಟ್ಟಿಯಾಗಿ ಕೂಗಿತು ಅಂತ ನೀನೇ ಹಾಕಿದ್ಯಾ?"

ಇಲ್ಲ ಅನ್ನಬಹುದಿತ್ತು. ಮೇಷ್ಟ್ರು ಬರೆದಿದ್ದು, ನಾನು ಬರೀ ಕೈ, ಅನ್ನಬಹುದಿತ್ತು. ಆದ್ರೆ ಆ ವಾಕ್ಯ ಮುರಿದು ಎರಡು ಮಾಡಿ ನಿಲ್ಲಿಸಿದ್ದು ನಾನೇ. "ಹೂಂ" ಅಂದೆ. ಅವಳು ಪುಸ್ತಕ ಮುಚ್ಚಿ, ಕಾಟ್ ಕೆಳಗೆ ತಳ್ಳಿ, ಶೂ ಬಿಚ್ಚೋಕೆ ಶುರು ಮಾಡಿದಳು.

ಅವತ್ತಿಂದ ಶಾಲೇಲಿ ಸ್ವಲ್ಪ ಸ್ವಲ್ಪ ಮಾತಾಡೋಕೆ ಹಿಡಿದಳು. ಮಿಸ್ಸಿಗೆ "ನೀರು" ಅಂದಳಂತೆ, ಪಕ್ಕದ ಹುಡುಗಿಗೆ "ತಳ್ಳಬೇಡ" ಅಂದಳಂತೆ. ಮಿಸ್ಸು ದಿನಾ ಫೋನ್ ಮಾಡಿ ಹೇಳೋಳು. ನನ್ನ ಜೊತೆ ಮಾತು ಬಿಟ್ಟಳು. ಅಪ್ಪನ ಜೊತೆ ಜಿರಲೆ ಮೀಸೆ, ಟಿವಿ, ಎಲ್ಲಾ ನಡೀತಿತ್ತು. ನಾನು ರೂಮಿಗೆ ಬಂದ್ರೆ ಬಾಯಿ ಮುಚ್ಕೊಳ್ಳೋಳು. ಊಟ ಬೇಕಾ ಅಂದ್ರೆ ತಟ್ಟೆ ಮುಂದಕ್ಕೆ ತಳ್ಳೋಳು. ನಾನು ಬೈದೆ, ಮುದ್ದು ಮಾಡಿದೆ, ಅತ್ತೆ, ಒಂದು ದಿನ ಹೊಡೆದೂ ಬಿಟ್ಟೆ. ಥೂ, ಏನು ತಾಯಿ ನಾನು! ಅವಳು ಶಾಲೇಲಿ ಹೇಗೆ ಕೂರ್ತಿದ್ದಳು ಅಂತ ಬೇರೆಯೋರು ಹೇಳಿದ್ದು ಕೇಳಿದ್ದೆ ಅಷ್ಟೇ. ಈಗ ನನ್ನ ಅಡುಗೆಮನೇಲೇ, ನನ್ನ ಎದುರಿಗೇ ನೋಡಿದೆ. ಆ ಮೌನ ಅಷ್ಟು ಗಟ್ಟಿ ಅಂತ ನಂಗೆ ಗೊತ್ತಿರಲಿಲ್ಲ.

ಅದರ ಮಧ್ಯೆ ಶಾಲೆಯೋರು ಮೇಷ್ಟ್ರಿಗೆ ಸನ್ಮಾನ ಇಟ್ಕೊಂಡ್ರು. ಆಹ್ವಾನ ಪತ್ರಿಕೆ ಮಾಡಿದ್ದೂ ನಾನೇ, ಬೇರೆ ಯಾರು ಮಾಡ್ತಾರೆ. ಪೋಷಕರ ಸಾಲಲ್ಲಿ ನಾನು, ಪಕ್ಕದಲ್ಲಿ ಮಗಳು. ಮೇಷ್ಟ್ರು ಶಾಲು ಹೊದ್ದು ಮೈಕ್ ಮುಂದೆ ನಿಂತು, ದನಿ ನಡುಗಿಸಿ, "ಇದೇ ಶಾಲೆಯಲ್ಲಿ ಒಂದು ಮಾತೂ ಆಡದ ಮಗುವೊಂದು ನನ್ನ ಕಥೆ ಕೇಳಿ ಬಾಯಿ ಬಿಟ್ಟಿತು. ಬರಹಗಾರನಿಗೆ ಇದಕ್ಕಿಂತ ಇನ್ನೇನು ಬೇಕು?" ಅಂದ್ರು. ಜನ ಎದ್ದು ಚಪ್ಪಾಳೆ ಹೊಡೆದ್ರು. ಮಗಳು ವೇದಿಕೆ ಕಡೆ ನೋಡಲೇ ಇಲ್ಲ. ತಲೆ ಎತ್ತಿ ನನ್ನನ್ನ ನೋಡಿದಳು. ನೋಡ್ತಾನೇ ಇದ್ದಳು. ಅಮ್ಮ ಈಗ ಹೇಳ್ತಾಳೆ ಅಂತ ಕಾಯ್ತಿದ್ದಳು, ಅಷ್ಟು ಗೊತ್ತಾಯ್ತು ನಂಗೆ.

ನಾನು ಚಪ್ಪಾಳೆ ತಟ್ಟಲಿಲ್ಲ. ಮಾಡಿದ್ದು ಅಷ್ಟೇ. ಬಾಯೂ ಬಿಡಲಿಲ್ಲ.

ಹಾಗಾಗಿ ಸಿಟ್ಟಿನಿಂದ ಶುರು ಮಾಡಿದೆ ಅಂದೆನಲ್ಲ, ಯಾರ ಮೇಲಿನ ಸಿಟ್ಟು ಅಂತ ಕೇಳಿದ್ರೆ, ಮೇಷ್ಟ್ರ ಮೇಲೆ ಅರ್ಧ. ಮಿಕ್ಕಿದ್ದು ಆ ಸಾಲಲ್ಲಿ ಕೂತಿದ್ದ ಹೆಂಗಸಿನ ಮೇಲೆ. ಮಾರನೇ ದಿನ ಬೆಳಿಗ್ಗೆ ಅಂಗಡಿ ತೆಗೆದವಳೇ ಹೊಸ ಫೈಲು ತೆರೆದೆ. ಹಳೇ ಅಚ್ಚು ಯಾವುದನ್ನೂ ಮುಟ್ಟಲಿಲ್ಲ. ಅಂಚು ಅಳತೆ ಮಾಡಿದೆ. ಕಥೆ ಇನ್ನೂ ಹುಟ್ಟಿರಲಿಲ್ಲ, ಮೊದಲು ಪುಟದ ತಲೆ ಮೇಲೆ ನನ್ನ ಹೆಸರು ಹಾಕಿದೆ. ನಾಚಿಕೆ ಆಯ್ತು. ಆಗಲಿ ಅಂತ ಬಿಟ್ಟೆ. ಅದರ ಕೆಳಗೆ ಒಂದು ವಾರ ಖಾಲಿ ಪುಟ. ಆಮೇಲೆ ಬಕೆಟ್ಟಿನ ಕಥೆ ಬಂತು, ನೀರು ಬಿಡೋ ದಿನಕ್ಕೆ ನಲ್ಲಿ ಕೆಳಗೆ ಕಾದು ಕೂರೋ ಒಂದು ಹಳೇ ಬಕೆಟ್ಟು. ಅದೇ ನನ್ನ ಮೊದಲ ಪುಸ್ತಕ ಆಗಿದ್ದು. ರೈಲಿನ ಕಥೆ ನಂಗೆ ವಾಪಸ್ ಸಿಗಲಿಲ್ಲ, ಅದು ಅವರ ಹೆಸರಲ್ಲೇ ಓಡ್ತಾ ಇದೆ. ಮೇಷ್ಟ್ರು ಮುಂದಿನ ಕಟ್ಟು ತಂದಾಗ "ಇನ್ನು ನಿಮ್ಮ ಕೆಲಸ ಮಾಡಲ್ಲ ಸಾರ್" ಅಂದೆ. "ಯಾಕಮ್ಮ?" ಅಂದ್ರು. ನಿಜಕ್ಕೂ ತಿಳೀದೇ ಕೇಳಿದ್ರು. ಆ ಯಾಕಮ್ಮಗೆ ನನ್ನ ಹತ್ರ ಒಂದು ಮೂಟೆ ಉತ್ತರ ಇತ್ತು. "ಪುರುಸೊತ್ತಿಲ್ಲ ಸಾರ್" ಅಂದೆ. ಚೀಲದಿಂದ ಕಡ್ಲೆಮಿಠಾಯಿ ತೆಗೆದು ಮೇಜಿನ ಮೇಲಿಟ್ಟು ಹೋದ್ರು. ಮಗಳ ಸೀಟಿಗೆ ಏನೂ ಆಗಲಿಲ್ಲ. ಅಂದ್ರೆ ಅವತ್ತು ಅವರು ಹೆದರಿಸಿರಲಿಲ್ಲ, ನಾನೇ ಹೆದರಿದ್ದೆ. ಇದು ಗೊತ್ತಾದ ಮೇಲೆ ಇನ್ನೂ ನೋವಾಯ್ತು.

ಬಕೆಟ್ಟಿನ ಕಥೆಯ ಮೊದಲ ಪ್ರಿಂಟು ತೆಗೆದು ಮಗಳ ಮುಂದೆ ಇಟ್ಟೆ. ಅವಳು ತಕ್ಷಣ ಕಥೆ ಓದಲಿಲ್ಲ. ಪುಟದ ತಲೆ ನೋಡಿದಳು, ಬೆರಳಿಟ್ಟು ನನ್ನ ಹೆಸರು ಕೂಡಿಸಿ ಓದಿದಳು, ತುಟಿ ಅಲ್ಲಾಡ್ತಿತ್ತು, ಸದ್ದಿಲ್ಲ. ಮುಂದಿನ ಎಡಗಡೆ ಪುಟ, ಅದರ ಮುಂದಿನದು, ಎಲ್ಲಾ ನೋಡಿದಳು. ಆಮೇಲೆ ಓದಿದಳು. ಮುಗಿಸಿ ಹಾಳೆಗಳನ್ನ ಜೋಡಿಸಿಟ್ಟು, "ಹ್ಞೂಂ" ಅಂದಳು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಈಗ ಅವಳಿಗೆ ಹನ್ನೆರಡು. ಶಾಲೇಲಿ ಬಾಯಿ ಜಾಸ್ತಿ ಅಂತ ಡೈರೀಲಿ ಬರೆದು ಕಳಿಸ್ತಾರೆ. ನನ್ನ ಜೊತೆಯೂ ಮಾತಾಡ್ತಾಳೆ, ಜಗಳ ಆಡ್ತಾಳೆ, ಎಲ್ಲಾ ಸರಿಹೋಗಿದೆ ಅಂತ ನೋಡಿದೋರು ಅಂತಾರೆ. ನನ್ನ ಪುಸ್ತಕಗಳೂ ನಾಲ್ಕಾರು ಬಂದಿವೆ. ಪ್ರತಿಯೊಂದರ ಮೊದಲ ಪ್ರಿಂಟು ಅವಳಿಗೇ ಕೊಡ್ತೀನಿ. ಅವಳು ಇವತ್ತಿಗೂ ಮೊದಲು ಪುಟದ ತಲೆ ನೋಡ್ತಾಳೆ. ಆಮೇಲೆ ಸೀದಾ ಕೊನೇ ಪುಟಕ್ಕೆ ಹೋಗಿ, ನಾನು ಬಾಯಲ್ಲಿ ಹೇಳಿದ ಕೊನೆಯೇ ಅಲ್ಲಿದೆಯಾ ಅಂತ ನೋಡ್ತಾಳೆ. ಯಾರಾದ್ರೂ ಬದಲಾಯಿಸಿದ್ರಾ ಅಮ್ಮಾ ಅಂತ ನನ್ನನ್ನ ಒಂದು ಮಾತು ಕೇಳಿದ್ರೆ ಸಾಕು. ಕೇಳಲ್ಲ. ತಾನೇ ನೋಡ್ಕೋತಾಳೆ.